ಆರನೆಯ ಆಕ್ಸೈಡ್ ಬೇಡ, ಫರ್ನೇಸ್ ಬಾಗಿಲು ತೆಗೆಯಿರಿ

35.5 ಮತ್ತು 38.7 ಡಿಗ್ರಿ. ನಿಮ್ಮ ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತೋರಿಸುವ ಎಕ್ಸ್‌ರೇ ಪರೀಕ್ಷೆ) ಈ ಕೋನಗಳಲ್ಲಿರುವ ಎರಡು ಪೀಕ್ ನನಗೆ ಚೆನ್ನಾಗಿ ಗೊತ್ತು. ಅವು ಕಾಪರ್ ಆಕ್ಸೈಡಿನವು. 'ಹೈ ಎಂಟ್ರೊಪಿ' ಆಕ್ಸೈಡ್ ಮಾಡಲು ಐದು ಆಕ್ಸೈಡ್ ಬೆರೆಸಿ 1000 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟರೂ ಒಂದೇ ಫೇಸ್ (ಎಲ್ಲವೂ ಕೂರುವ ಒಂದೇ ಹರಳು ರಚನೆ) ಬರುತ್ತಿಲ್ಲ, ಎಂಟ್ರೊಪಿ, ಅಂದರೆ ಬೆರಕೆಯ ಅಸ್ತವ್ಯಸ್ತತೆ, ಹೆಚ್ಚಿಸೋಕೆ ಕ್ಯಾಲ್ಸಿಯಂ ಸೇರಿಸಲೇ ಅಂತ ಕೇಳಿದ್ದೀರಿ. ಬೇಡ.

ಧಾರವಾಡದಿಂದ ಪುಣೆಗೆ ಪಿಎಚ್‌ಡಿಗೆ ಬಂದಾಗ ನನ್ನದೂ ಇದೇ ಕೆಲಸ. ಮೆಗ್ನೀಸಿಯಂ, ಕೋಬಾಲ್ಟ್, ನಿಕಲ್, ತಾಮ್ರ, ಸತು. 2015ರಲ್ಲಿ ರಾಸ್ಟ್ ಮತ್ತು ಸಂಗಡಿಗರು ಮಾಡಿ ತೋರಿಸಿದ ಅದೇ ಐದು. ಅವರ ಪೇಪರ್ ಓದಿದ್ದೆ. ಅದರಲ್ಲಿದ್ದ 'ಕ್ವೆಂಚ್' (ಬಿಸಿಯಿಂದ ಥಟ್ಟನೆ ತಣಿಸುವುದು) ಅನ್ನೋ ಪದವನ್ನು ಮಾತ್ರ ಹಾಗೇ ದಾಟಿ ಹೋಗಿದ್ದೆ.

ಸಂಜೆ ಫರ್ನೇಸ್ ತಾನೇ ಆಫ್ ಆಗುವಂತೆ ಪ್ರೋಗ್ರಾಂ ಹಾಕಿ ಪಾಷಾಣಕ್ಕೆ ಬಸ್ ಹಿಡಿಯುತ್ತಿದ್ದೆ. (ಏರಿಯಾದ ಹೆಸರೇ ಅದು. ಮಗಳು ಪಾಷಾಣದಲ್ಲಿದ್ದಾಳೆ ಅಂತ ಕೇಳಿ ಅವ್ವ ಹೌಹಾರಿದ್ದಳು.) ಬೆಳಿಗ್ಗೆ ಬಂದು ತಣ್ಣಗಾದ ಪೆಲೆಟ್ (ಪುಡಿ ಒತ್ತಿ ಮಾಡಿದ ಬಿಲ್ಲೆ) ತೆಗೆಯುತ್ತಿದ್ದೆ. ಬಿಸಿಯಲ್ಲಿ ತೆಗೆದರೆ ಅದನ್ನಿಟ್ಟ ಅಲ್ಯುಮಿನಾ ಬಟ್ಟಲು, ಕ್ರೂಸಿಬಲ್, ಸೀಳುತ್ತದೆ ಅನ್ನೋ ಭಯ. ಒಮ್ಮೆ ಸೀಳಿ ಬೈಸಿಕೊಂಡಿದ್ದೆ. ಆದರೆ ನಮ್ಮ ಫರ್ನೇಸ್ 1000ದಿಂದ 600ಕ್ಕೆ ಇಳಿಯಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಕೆಡುತ್ತಿದ್ದದ್ದು ಆ ಗಂಟೆಗಳಲ್ಲೇ. ಸುಮಾರು 900 ಡಿಗ್ರಿ ಮೇಲೆ ಐದೂ ಒಂದೇ ಕಲ್ಲುಪ್ಪಿನ ರಚನೆಯಲ್ಲಿ ಕೂರುತ್ತವೆ. ಅದಕ್ಕಿಂತ ಕೆಳಗೆ ಬಂದರೆ ತಾಮ್ರಕ್ಕೆ ತನ್ನ ಟೆನೊರೈಟ್ ರಚನೆಯೇ (ಕಾಪರ್ ಆಕ್ಸೈಡಿನ ಸ್ವಂತ ರಚನೆ) ಹಿತ. 700, 800ರಲ್ಲಿ ಅಯಾನುಗಳು ಇನ್ನೂ ಓಡಾಡುತ್ತವೆ, ಹೊರಬೀಳುತ್ತವೆ. ಪಾಕ ಆರಿದ ಮೇಲೆ ತಳದಲ್ಲಿ ಸಕ್ಕರೆ ಹರಳು ಕಟ್ಟುತ್ತದಲ್ಲ, ಹಾಗೆ. ಥಟ್ಟನೆ ತಣಿಸಿದರೆ ಓಡಾಡಲು ಹೊತ್ತೇ ಸಿಗುವುದಿಲ್ಲ.

ಇದು ಗೊತ್ತಿಲ್ಲದೆ ಆರು ತಿಂಗಳು ಸುಮ್ನೆ ಪುಡಿ ಅರೆದೆ. ಬಾಲ್ ಮಿಲ್ (ಗುಂಡುಗಳಿಂದ ಅರೆಯುವ ಯಂತ್ರ) 6 ಗಂಟೆ ಇದ್ದದ್ದು 24 ಆಯಿತು. ಹೊಸ ಕಾಪರ್ ಆಕ್ಸೈಡ್ ತರಿಸಿದೆ. ಕೊನೆಗೆ ಗಣಪತಿ ವಿಸರ್ಜನೆಯ ದಿನ ರಸ್ತೆ ಬಂದ್ ಆಗಿ ಲ್ಯಾಬಿನಲ್ಲೇ ಸಿಕ್ಕಿಬಿದ್ದೆ. ಫರ್ನೇಸ್ ನೋಡಿಕೊಳ್ಳುವ ಕಾಕಾ ಉದ್ದನೆಯ ಇಕ್ಕಳ ಕೈಗಿಟ್ಟು, "ಬಿಸಿ ಇದ್ದಾಗಲೇ ತೆಗೆಯೋಕೆ ಏನು ಕಷ್ಟ, ಪೋರಿ?" ಅಂದರು. ಹಳೆಯ ಕೆಟ್ಟ ಪೆಲೆಟನ್ನೇ ಮತ್ತೆ 1000ಕ್ಕೆ ಏರಿಸಿ, ಎಳೆದು ಲೋಹದ ತಟ್ಟೆ ಮೇಲೆ ಹಾಕಿದೆ. ಎರಡೂ ಪೀಕ್ ಮಾಯ. ನಂಬಿಕೆ ಬರಲಿಲ್ಲ. ಅದನ್ನೇ 750ರಲ್ಲಿಟ್ಟೆ, ಪೀಕ್ ವಾಪಸ್. ಮತ್ತೆ ಸುಟ್ಟು ತಣಿಸಿದೆ, ಮತ್ತೆ ಮಾಯ.

ಇನ್ನು ನಿಮ್ಮ ಆರನೆಯದು. ಐದಕ್ಕೆ ಎಂಟ್ರೊಪಿ ಮೋಲಿಗೆ, ಕೆಲ್ವಿನ್‌ಗೆ 13.4 ಜೂಲ್, ಆರಕ್ಕೆ 14.9. 1000 ಡಿಗ್ರಿಯಲ್ಲೂ ಸಿಗುವ ಲಾಭ ಮೋಲಿಗೆ 2 ಕಿಲೋಜೂಲ್ ಮುಟ್ಟುವುದಿಲ್ಲ. ಕ್ಯಾಲ್ಸಿಯಂ ಅಯಾನಿನ ತ್ರಿಜ್ಯ 1 ಆಂಗ್‌ಸ್ಟ್ರಾಂ, ಉಳಿದವು 0.7ರ ಆಸುಪಾಸು. ಬಿಗಿ ಬೆಂಚಿನಲ್ಲಿ ದಪ್ಪನೆಯವನನ್ನು ತೂರಿಸಿದ ಹಾಗೆ. ಲಾಭಕ್ಕಿಂತ ಕಾಟವೇ ಜಾಸ್ತಿ. 'ಹೈ ಎಂಟ್ರೊಪಿ' ಅನ್ನೋ ಹೆಸರೇ ದಾರಿ ತಪ್ಪಿಸುತ್ತದೆ ಅಂತ ನನ್ನ ಅಭಿಪ್ರಾಯ.

ಹೊಸದಾಗಿ ಏನೂ ತೂಗಬೇಡಿ. ಇರೋ ಪೆಲೆಟನ್ನೇ ಸುಟ್ಟು ಬಿಸಿಯಲ್ಲೇ ಎಳೆಯಿರಿ. ದಪ್ಪ ಕೈಗವಸು, ಮುಖಕ್ಕೆ ಶೀಲ್ಡ್ ಇರಲಿ. ಕ್ರೂಸಿಬಲ್ ಸೀಳಿದರೆ ಸೀಳಲಿ. ಆಮೇಲೂ ಪೀಕ್ ಉಳಿದರೆ ಆಗ ಅರೆಯುವ ಮಾತಾಡೋಣ.