ಕೊಡಗಿನಲ್ಲಿ ಪ್ಲಾಸ್ಟಿಕ್ ಇಲ್ಲದ ಮದುವೆ ಮಾಡಬೇಕಾ? ಮೊದಲು ಅಟ್ಟ ಹತ್ತಿ

ನಿಮ್ಮ ಪ್ರಶ್ನೆ ಇಷ್ಟು: ಏಪ್ರಿಲ್ ಕೊನೆಗೆ ವಿರಾಜಪೇಟೆ ಹತ್ತಿರ ಮದುವೆ, ಸುಮಾರು 500 ಜನ. ಪ್ಲಾಸ್ಟಿಕ್, ಥರ್ಮೋಕೋಲ್ ಬೇಡ. ಕೈಯಲ್ಲೇ ಮಾಡಿದ ವಸ್ತು, ಹಳೇ ಕಾಲದ ಸಾಮಾನು ಇಟ್ಟು ಅಲಂಕಾರ ಮಾಡಬೇಕು ಅಂತ ಆಸೆ. ಮನೆಯವರು ಮಾತ್ರ "ಖರ್ಚೂ ಜಾಸ್ತಿ, ನೋಡೋಕೂ ಭಿಕೋ ಅನ್ನುತ್ತೆ" ಅಂತಿದ್ದಾರೆ. ಎಲ್ಲಿಂದ ಶುರು ಮಾಡೋದು?

ಅಟ್ಟದಿಂದ ಶುರು ಮಾಡಿ. ನಿಮ್ಮ ಮನೆ ಅಟ್ಟ, ಅಜ್ಜಿ ಮನೆ ಅಟ್ಟ, ಅತ್ತೆ ಮನೆ ಅಟ್ಟ. ಅದೆಲ್ಲ ನೋಡಿ ಮುಗಿಯೋ ತನಕ ಒಂದು ರೂಪಾಯಿಯ ಅಲಂಕಾರದ ಸಾಮಾನನ್ನೂ ಕೊಳ್ಳಬೇಡಿ. ನಾನು ಮಡಿಕೇರಿ ಕಡೆಯವಳು, ಅರೆಭಾಷೆ ಗೌಡರ ಮನೆ. ತಂಗಿಯ ಮದುವೆಯನ್ನು ನಾವು ಹೀಗೇ ಮಾಡಿದೆವು. ಆಮೇಲೆ ನೆಂಟರಿಷ್ಟರ ಮದುವೆಗೂ ಇದೇ ಕೆಲಸಕ್ಕೆ ಕರೆಯುತ್ತಾರೆ, ಖುಷಿಯಿಂದ ಹೋಗುತ್ತೇನೆ. ಈಗ 'ವಿಂಟೇಜ್' ಅಂತ ಹೇಳಿ ಹೊಸದಾಗಿ ಮಾಡಿದ ಲಾಟೀನು, ಹಳೆಯದರ ಹಾಗೆ ಕಾಣಲಿ ಅಂತ ಬಣ್ಣ ಉಜ್ಜಿದ ಪೆಟ್ಟಿಗೆ, ಪ್ಲಾಸ್ಟಿಕ್ ಬಳ್ಳಿ ಸುತ್ತಿದ ಸೈಕಲ್ಲು ಎಲ್ಲ ಬಾಡಿಗೆಗೂ ಸಿಗುತ್ತವೆ, ಮಾರಾಟಕ್ಕೂ ಸಿಗುತ್ತವೆ. ಎಲ್ಲಿಂದಲೋ ಲಾರಿಯಲ್ಲಿ ಬಂದು ಒಂದು ದಿನ ನಿಂತು ಹೋಗುವ ಸಾಮಾನು ಅದು. ಕೊಡಗಿನಲ್ಲಿ ಅದರ ಅಗತ್ಯವೇ ಇಲ್ಲ. ನಮ್ಮ ಹಳೇ ಮನೆಗಳಲ್ಲಿ ಹಿತ್ತಾಳೆ ಹಂಡೆ, ಕೊಳಗ, ಗಿಂಡಿ, ಸೇರು, ಪಾವು, ಬೀಟೆ ಮರದ ಕನ್ನಡಿ ಚೌಕಟ್ಟು, ಮುಕ್ಕಾಲಿ, ಪೆಟ್ರೋಮ್ಯಾಕ್ಸ್, ಮದುವೆ ಪೆಟ್ಟಿಗೆ ಒಂದಲ್ಲ ಒಂದು ಇದ್ದೇ ಇರುತ್ತದೆ.

ತಂಗಿಯ ಮದುವೆಗೆ ದೊಡ್ಡಮ್ಮ ಒಂದು ಹಂಡೆ ಕೊಟ್ಟರು. ಮೈಯೆಲ್ಲ ಕಪ್ಪು. ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜುತ್ತಾ ಹೋದ ಹಾಗೆ ಕಂಠದ ಹತ್ತಿರ ಚುಕ್ಕೆ ಚುಕ್ಕೆಯಾಗಿ ಅಕ್ಷರ ಕಾಣಿಸಿತು. ಹಿಂದೆ ಪಾತ್ರೆ ಕೊಂಡಾಗ ಹೆಸರು ಕೊರೆಸುತ್ತಿದ್ದರಲ್ಲ, ಹಾಗೆ ದೊಡ್ಡಮ್ಮನ ಅಮ್ಮನ ಹೆಸರು. ಅದು ಅವರ ತವರಿನಿಂದ ಬಂದ ಹಂಡೆ ಅಂತ ಅವರಿಗೇ ಮರೆತುಹೋಗಿತ್ತು. ಮದುವೆ ದಿನ ಬಾಗಿಲಲ್ಲಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು ಬಂದವರಿಗೆಲ್ಲ ತೋರಿಸಿದರು. ಯಾವ ಡೆಕೊರೇಟರ್ ತಂದು ಇಡುವ ಸಾಮಾನಿಗೆ ಈ ಬೆಲೆ ಬರುತ್ತದೆ, ಹೇಳಿ?

ದೊಡ್ಡ ಹಂಡೆಯಲ್ಲಿ ಹೂವು ತೇಲಿಬಿಡಬೇಕಾದರೆ ಪೂರ್ತಿ ನೀರು ತುಂಬಬೇಡಿ. ಒಳಗೆ ಒಂದು ಬಿಂದಿಗೆ ಬೋರಲು ಹಾಕಿ, ಅದರ ಮೇಲೆ ಅಗಲದ ತಟ್ಟೆ ಇಟ್ಟು, ತಟ್ಟೆಗೆ ನೀರು ಹಾಕಿದರೆ ಸಾಕು. ಇನ್ನೊಂದು ಎಚ್ಚರ: ಕಲಾಯಿ ಹೋಗಿರೋ ಹಿತ್ತಾಳೆ, ತಾಮ್ರದ ಪಾತ್ರೆಯನ್ನು ನೋಡೋಕೆ ಮಾತ್ರ ಇಡಿ. ಚೆಂದ ಇದೆ ಅಂತ ಯಾರಾದರೂ ಅದರಲ್ಲಿ ಮಜ್ಜಿಗೆಯನ್ನೋ ಪಾನಕವನ್ನೋ ತುಂಬಿಸಿಬಿಡುತ್ತಾರೆ. ಹುಳಿ ಸೇರಿದರೆ ಲೋಹ ಬಿಡುತ್ತದೆ, ಹೊಟ್ಟೆ ಕೆಡುತ್ತದೆ.

ನೀವು ಕೊಡವರೋ, ಗೌಡರೋ, ಬೇರೆಯವರೋ ಬರೆದಿಲ್ಲ. ಯಾರೇ ಆಗಲಿ, ಐನ್‌ಮನೆಯ (ಮನೆತನದ ಮೂಲಮನೆಯ) ನೆಲ್ಲಕ್ಕಿ ಬೊಳ್ಚದಂಥ ದೀಪವನ್ನು ಅಲಂಕಾರಕ್ಕೆ ಅಂತ ಕಳಚಿ ತರಬೇಡಿ. ಅದು ಕಾರೋಣರ, ಅಂದರೆ ಮನೆತನದ ಪೂರ್ವಿಕರ ಮುಂದೆ ಉರಿಯುವ ದೀಪ, ಫೋಟೋಗೆ ಇಡುವ ವಸ್ತು ಅಲ್ಲ. ತೂಗುದೀಪ ಬೇಕಾದರೆ ಬೇರೆ ಮನೆಗಳಲ್ಲಿ ಸುಮ್ನೆ ಬಿದ್ದಿರುವುದು ಕೇಳಿದರೆ ಸಿಗುತ್ತದೆ. ತೂಗು ಹಾಕುವ ಮೊದಲು ಸರಪಳಿಯ ಕೊಂಡಿ ಎಳೆದು ನೋಡಿ, ಹಳೇ ಕೊಂಡಿ ಸವೆದಿರುತ್ತದೆ.

ಹಳೇ ಸೀರೆಗಳನ್ನು ಮಂಟಪದ ಹಿಂದೆ ಪರದೆಯ ಹಾಗೆ ಬಿಡೋದು ತುಂಬಾ ಚೆನ್ನಾಗಿ ಕಾಣುತ್ತದೆ. ಆದರೆ ಅಜ್ಜಿಯ ರೇಷ್ಮೆ ಸೀರೆಯನ್ನು ನೇರ ಕಟ್ಟಿದರೆ ಜರಿಯ ಭಾರಕ್ಕೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಪಿನ್ನು ಚುಚ್ಚಿದರಂತೂ ಮುಗೀತು. ನಾವು ಮಾಡೋದು ಹೀಗೆ: ಒಂದು ಗಟ್ಟಿ ಹತ್ತಿ ಪಂಚೆ ತಗೊಂಡು, ಅದರ ಮೇಲೆ ಸೀರೆಯ ಮೇಲಂಚನ್ನು ಉದ್ದುದ್ದ ಹೊಲಿಗೆ ಹಾಕಿ ಕೂರಿಸುತ್ತೇವೆ. ಪಂಚೆಯ ತುದಿ ಮಡಚಿ ಅದರೊಳಗೆ ಬಿದಿರು ತೂರಿಸುತ್ತೇವೆ. ಭಾರವೆಲ್ಲ ಪಂಚೆ ಹೊರುತ್ತದೆ. ಮದುವೆ ಮುಗಿದ ಮೇಲೆ ದಾರ ಎಳೆದರೆ ಸೀರೆ ಹೇಗಿತ್ತೋ ಹಾಗೆ ವಾಪಸ್. ದೀಪ, ಸಾಂಬ್ರಾಣಿ ಎರಡನ್ನೂ ಅದರಿಂದ ದೂರ ಇಡಿ. ಹಳೇ ಫೋಟೋಗಳನ್ನು ನೇತು ಹಾಕುವ ಆಸೆ ಇದ್ದರೆ ಕಾಪಿ ತೆಗೆಸಿ ಹಾಕಿ, ಅಸಲನ್ನು ಮನೆಯಲ್ಲೇ ಬಿಡಿ.

ಇನ್ನು ಹಸಿರು. ಅಟ್ಟ ಬಿಟ್ಟರೆ ನಿಮ್ಮ ದೊಡ್ಡ ಅಂಗಡಿ ನಿಮ್ಮ ತೋಟವೇ. ಕೊಯ್ಲು ಮುಗಿದ ಮೇಲೆ ಕಾಫಿ ಗಿಡ ಕಪಾತು ಮಾಡುತ್ತೀರಿ, ಮಳೆಗಾಲಕ್ಕೆ ಮೊದಲು ನೆರಳಿನ ಮರದ ಕೊಂಬೆ ಇಳಿಸುತ್ತೀರಿ. ಆ ಕಾಫಿ ಕಡ್ಡಿಯೇ ಗಟ್ಟಿ, ವಕ್ರ ವಕ್ರವಾಗಿ ಚೆನ್ನಾಗಿರುತ್ತದೆ, ಸಿಪ್ಪೆ ತೆಗೆದು ಒಣಗಿಸಿ ದೀಪ ನೇತು ಹಾಕೋಕೆ, ಕೈಬರಹದ ಬೋರ್ಡ್ ನಿಲ್ಲಿಸೋಕೆ ಬಳಸಿ. ಹಾಲುವಾಣದ ಕೊಂಬೆ, ಬೈನೆ ಗರಿ, ಅಡಿಕೆ ಸೋಗೆ, ಮಾವಿನ ಸೊಪ್ಪು ಇದ್ದರೆ ಚಪ್ಪರ ಆಯಿತು. ಮೆಣಸಿನ ಬಳ್ಳಿಯ ನೆಲಕ್ಕೆ ಹಬ್ಬಿದ ಹಂಬು ಹೇಗೂ ಕತ್ತರಿಸೋದೇ, ಅದರ ಎಲೆ ದಪ್ಪ, ಬೇಗ ಬಾಡುವುದಿಲ್ಲ, ಕಂಬಕ್ಕೆ ಸುತ್ತಿ. ಬೇಲಿ ಸಾಲಲ್ಲಿ ಲಂಟಾನ ಇದ್ದರೆ ಅದರ ಕೋಲು ಕೊಯ್ದು ಬುಟ್ಟಿ, ಚೌಕಟ್ಟು ಮಾಡಬಹುದು, ಕಳೆಯೂ ಕಮ್ಮಿ ಆಗುತ್ತದೆ. ಕಾಫಿ ಹೂವಿನ ಕೊಂಬೆ ಮಾತ್ರ ಮುರಿಯಬೇಡಿ, ಅದು ಮುಂದಿನ ಫಸಲು. ಮರದ ಮೇಲಿನ ಸೀತಾಳೆ ಹೂವು (ಕಾಡು ಆರ್ಕಿಡ್) ಮರದ ಮೇಲೇ ಇರಲಿ. ಕಾಡಿಗೆ ಹೋಗಿ ಜರಿಗಿಡ, ಬಿದಿರು ಕಡಿದು ತರೋದಂತೂ ಬೇಡವೇ ಬೇಡ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದು ದಿನದ ಶೋಕಿಗೆ ಅಲ್ಲಿಂದ ಒಂದು ಎಲೆ ತಂದರೂ 'ಪರಿಸರಸ್ನೇಹಿ ಮದುವೆ' ಅನ್ನೋ ಮಾತಿಗೆ ಅರ್ಥ ಇರುವುದಿಲ್ಲ.

ಹೂವಿನವರ ಹತ್ತಿರ ಎರಡು ವಿಷಯ ಗಟ್ಟಿಯಾಗಿ ಹೇಳಿ. ಒಂದು, ಹಾರಕ್ಕೆ ಮಿಂಚಿನ ದಾರ, ಜಿಗಿ, ಪ್ಲಾಸ್ಟಿಕ್ ಮಣಿ ಬೇಡ. ಬಾಳೆ ನಾರು ಅಥವಾ ಹತ್ತಿ ದಾರದಲ್ಲೇ ಕಟ್ಟಿ ಅನ್ನಿ. ಎರಡು, ಹೂವು ಚುಚ್ಚೋಕೆ ತರುವ ಹಸಿರು ಸ್ಪಂಜಿನ ಇಟ್ಟಿಗೆ ಬೇಡ. ಅದು ನೋಡೋಕೆ ಮಣ್ಣಿನ ಹಾಗೆ ಪುಡಿ ಆಗುತ್ತದೆ ಅಷ್ಟೇ, ಅದೂ ಪ್ಲಾಸ್ಟಿಕ್ಕೇ, ಕರಗುವುದಿಲ್ಲ. ಅದರ ಬದಲು ಬಾಳೆ ದಿಂಡು ಬಳಸಿ. ಗೊನೆ ಕಡಿದ ಬಾಳೆಯನ್ನು ಒಂದೊಂದು ಅಡಿ ತುಂಡು ಮಾಡಿ, ಅಡಿ ಸಮ ಬರೋ ಹಾಗೆ ಒಂದು ಕಡೆ ಸ್ವಲ್ಪ ಹೆರೆದು ಮಲಗಿಸಿ. ಚೂಪು ಮಾಡಿದ ಬಿದಿರು ಕಡ್ಡಿಯಲ್ಲಿ ಓರೆಯಾಗಿ ತೂತು ಹೊಡೆದು ಸೇವಂತಿಗೆ, ಜರ್ಬೆರಾ ಚುಚ್ಚುತ್ತಾ ಹೋಗಿ. ತೂತು ಹೊಡೆಯುವಾಗ ಚಿಳ್ ಅಂತ ನೀರು ಬರುತ್ತದೆ, ಆ ನೀರೇ ಹೂವನ್ನು ಹಿಡಿದಿಡುತ್ತದೆ. ಹಿಂದಿನ ದಿನ ಸಂಜೆ ಚುಚ್ಚಿದ್ದು ಮರುದಿನ ಊಟದ ಹೊತ್ತಿಗೂ ತಲೆ ಎತ್ತಿಕೊಂಡೇ ಇರುತ್ತದೆ. ರಸ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಆದ್ದರಿಂದ ರೇಷ್ಮೆ ಸೀರೆ ಉಟ್ಟುಕೊಂಡು ಈ ಕೆಲಸಕ್ಕೆ ಕೂರಬೇಡಿ. ಕೊಡವ ಮದುವೆ ಆದರೆ ಬಾಳೆ ಕಡಿಯುವ ಶಾಸ್ತ್ರಕ್ಕೆ ಹೇಗೂ ದಿಂಡು ತರಿಸಲೇಬೇಕು, ಇನ್ನೊಂದು ನಾಲ್ಕು ಹೆಚ್ಚು ಹೇಳಿದರಾಯಿತು. ಮುಗಿದ ಮೇಲೆ ದನಕ್ಕೋ ಗೊಬ್ಬರದ ಗುಂಡಿಗೋ.

ಕೊಳ್ಳಲೇಬೇಕಾದದ್ದು ಏನಾದರೂ ಇದ್ದರೆ ಮೇದಾರರ ಹತ್ತಿರ ಬಿದಿರಿನ ಬುಟ್ಟಿ, ಮೊರ ಕೊಳ್ಳಿ. ಚೌಕಾಸಿ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒಂದು ಬುಟ್ಟಿಗೆ ಎಷ್ಟು ಸೀಳು, ಎಷ್ಟು ಹೊತ್ತಿನ ಕೆಲಸ ಅಂತ ಪಕ್ಕದಲ್ಲಿ ಕೂತು ನೋಡಿದರೆ ಚೌಕಾಸಿ ಬಾಯಿಗೇ ಬರುವುದಿಲ್ಲ. ಎರಡು ತಿಂಗಳು ಮೊದಲೇ ಹೇಳಿ, ಯಾಕೆಂದರೆ ಅವರ ಹತ್ತಿರ ರಾಶಿ ಇಟ್ಟಿರುವುದಿಲ್ಲ. ಹಸಿ ಬಿದಿರಿನದ್ದಾದರೆ ಚೆನ್ನಾಗಿ ಒಣಗಬೇಕು, ಇಲ್ಲದಿದ್ದರೆ ನಮ್ಮ ಹವೆಗೆ ಬೂಸ್ಟು ಹಿಡಿಯುತ್ತದೆ. ಮದುವೆ ಮುಗಿದ ಮೇಲೆ ಆ ಬುಟ್ಟಿಗಳು ಮೆಣಸು, ಕಿತ್ತಳೆ ತುಂಬೋಕೆ ವರ್ಷಗಟ್ಟಲೆ ಬರುತ್ತವೆ. ತೋರಣಕ್ಕೆ ಟೈಲರ್ ಅಂಗಡಿಯ ತುಂಡು ಬಟ್ಟೆ, ಹರಿದ ಹತ್ತಿ ಸೀರೆ ಸಾಕು. ಅಕ್ಕಪಕ್ಕದ ಹೆಂಗಸರನ್ನು ಮಧ್ಯಾಹ್ನ ಕಾಫಿಗೆ ಕರೆಯಿರಿ, ಮಾತಾಡುತ್ತಾ ಆಡುತ್ತಾ ಆಗಿಹೋಗುತ್ತದೆ.

ಮನೆಯವರು ಭಿಕೋ ಅನ್ನುತ್ತೆ ಅಂದದ್ದಕ್ಕೆ ಬರುತ್ತೇನೆ. ಅವರ ಭಯ ಸುಳ್ಳಲ್ಲ. ಇರುವ ಸಾಮಾನನ್ನು ಇಡೀ ಜಾಗಕ್ಕೆ ಹರಡಿದರೆ ನಿಜಕ್ಕೂ ಭಿಕೋ ಅನ್ನುತ್ತದೆ. ಮೂರೇ ಕಡೆ ತುಂಬಿಸಿ: ಒಳಗೆ ಬರುವ ಬಾಗಿಲು, ಮಂಟಪ, ಊಟದ ಕಡೆ ತಿರುಗುವ ದಾರಿ. ಉಳಿದ ಕಡೆ ಸುಮ್ನೆ ಸ್ವಚ್ಛವಾಗಿರಲಿ. ಆಮೇಲೆ ಬೆಳಕು. ಹಿತ್ತಾಳೆ, ಹಳೇ ಮರ, ಜರಿ ಇವೆಲ್ಲ ಬಿಳಿ ಟ್ಯೂಬ್‌ಲೈಟ್ ಕೆಳಗೆ ಸಪ್ಪೆ ಕಾಣುತ್ತವೆ. ಹಳದಿ ಬೆಳಕಿನ ಎಲ್‌ಇಡಿ ಬಲ್ಬುಗಳನ್ನು ಬಾಡಿಗೆಗೆ ತಂದು ಕೆಳಮಟ್ಟದಲ್ಲಿ ಹಾಕಿ ನೋಡಿ, ಅದೇ ಸಾಮಾನು ಬೇರೆಯೇ ಕಾಣುತ್ತದೆ. ಮನೆಯವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಒಂದು ಸಂಜೆ ಜಗಲಿಯಲ್ಲಿ ಒಂದು ಮೂಲೆ ಮಾಡಿ ತೋರಿಸಿ. ನಮ್ಮ ಮಾವನ ಬಾಯಿ ಮುಚ್ಚಿಸಿದ್ದು ಅದೇ.

ಆದರೆ ನಿಜ ಹೇಳಬೇಕೆಂದರೆ, ಅಲಂಕಾರ ಎಷ್ಟೇ ಹಸಿರಾಗಿದ್ದರೂ ಕಸ ಬೀಳೋದು ಊಟದ ಹತ್ತಿರ. 500 ಜನಕ್ಕೆ ತಲೆಗೆ ಎರಡು ಸಣ್ಣ ನೀರಿನ ಬಾಟಲಿ ಅಂದರೂ 1,000 ಬಾಟಲಿ. ನಿಮ್ಮ ಹಠವನ್ನೆಲ್ಲ ಇಲ್ಲಿ ಖರ್ಚು ಮಾಡಿ. ಸ್ಟೀಲ್ ಲೋಟ ಬಾಡಿಗೆಗೆ ತನ್ನಿ, ಶುಂಠಿ ಜೀರಿಗೆ ಹಾಕಿ ಕುದಿಸಿದ ಬೆಚ್ಚನೆ ನೀರು ಕೊಡಿ, ನಮ್ಮೂರಿನಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಲೋಟ ತೊಳೆಯೋಕೆ ಇಬ್ಬರು ಮೂವರು ಹೆಚ್ಚು ಬೇಕು, ಅವರಿಗೆ ಒಳ್ಳೆ ಕೂಲಿ ಕೊಡಿ. ಖರ್ಚು ನಿಜಕ್ಕೂ ಏರುವುದು ಇಲ್ಲೊಂದೇ ಕಡೆ, ಅದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ಪೇಪರ್ ಕಪ್ ತಂದರೆ ಆಯ್ತಲ್ವಾ ಅಂತ ಯಾರಾದರೂ ಹೇಳುತ್ತಾರೆ. ಪೇಪರ್ ಕಪ್ಪಿನ ಒಳಗೂ ತೆಳ್ಳಗೆ ಪ್ಲಾಸ್ಟಿಕ್ ಇರುತ್ತದೆ, ಅದಿಲ್ಲದಿದ್ದರೆ ಕಾಫಿ ಸೋರಿಹೋಗುತ್ತಿತ್ತು. ಊಟಕ್ಕೆ ಬಾಳೆ ಎಲೆ ಅಥವಾ ಅಡಿಕೆ ಹಾಳೆ ತಟ್ಟೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಥರ್ಮೋಕೋಲ್ ಅಲಂಕಾರ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಕರ್ನಾಟಕದಲ್ಲಿ 2016ರಲ್ಲೇ ಆದೇಶ ಬಂದಿದೆ. ಅಡುಗೆಯವರು, ಡೆಕೊರೇಟರ್ ತಕರಾರು ತೆಗೆದರೆ ಇದನ್ನು ಹೇಳಿ.

ಎಂಜಲು ಎಲೆಯನ್ನು ತೋಟದ ಅಂಚಿಗೆ ಸುರಿಯೋದು ನಮ್ಮಲ್ಲಿ ಇನ್ನೂ ಇದೆ. ಮೂಳೆ, ಅನ್ನದ ವಾಸನೆಗೆ ನಾಯಿ, ಕಾಡುಹಂದಿ ಬರುತ್ತವೆ, ಮರುದಿನ ಪಕ್ಕದ ಮನೆಯವರ ಗದ್ದೆಯೂ ಹಾಳು. ಉಳಿದ ಅನ್ನ ಸಾರು ಒಂದು ಡ್ರಮ್ಮಿಗೆ, ಹಂದಿ ಸಾಕುವವರಿಗೆ ಮೊದಲೇ ಹೇಳಿಟ್ಟರೆ ಅವರೇ ಬಂದು ಒಯ್ಯುತ್ತಾರೆ. ಎಲೆ ಬೇರೆ, ಮೂಳೆ ಬೇರೆ, ಎರಡಕ್ಕೂ ಗುಂಡಿ ತೋಡಿ ಮಣ್ಣು ಮುಚ್ಚಿ. ಮದ್ಯದ ಬಾಟಲಿಗೆ ಗೋಣಿಚೀಲ ಇಟ್ಟು ಒಬ್ಬ ಹುಡುಗನಿಗೆ ಜವಾಬ್ದಾರಿ ಕೊಡಿ, ಒಡೆದ ಗಾಜು ಕಾಫಿ ಗಿಡದ ಬುಡದಲ್ಲಿ ಕೂತರೆ ಕೆಲಸದವರ ಕಾಲಿಗೆ ಹೊಡೆಯುತ್ತದೆ.

ಏಪ್ರಿಲ್ ಕೊನೆ ಅಂದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಗ್ಯಾರಂಟಿ ಅಂದುಕೊಂಡೇ ಇರಿ. ಮೇಲೆ ಶೀಟಿನ ಪೆಂಡಾಲ್, ಅದರ ಕೆಳಗೆ ಹಸಿರು ಚಪ್ಪರ. ಕಾಗದದ ಹೂವು, ಕಾಗದದ ಛತ್ರಿ ಹೊರಗಡೆ ಬೇಡ. ಕರೆಂಟೂ ಹೋಗುತ್ತದೆ, ಲಾಟೀನುಗಳಿಗೆ ಬತ್ತಿ, ಎಣ್ಣೆ ಹಾಕಿ ಸಿದ್ಧ ಇಟ್ಟಿರಿ.

ಸಾಮಾನು ಕೊಟ್ಟವರ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾರ ಮನೆಯದು, ಏನು, ಎಲ್ಲಿ ಇಟ್ಟಿದ್ದೇವೆ ಅಂತ. ಪಾತ್ರೆಯ ಒಳಗೆ ಬಟ್ಟೆ ಚೀಟಿ ಕಟ್ಟಿ. ವಾಪಸ್ ಕೊಡೋಕೆ ಮದುವೆ ಗಲಾಟೆಯಲ್ಲಿ ಇಲ್ಲದ ಒಬ್ಬರನ್ನು ನೇಮಿಸಿ, ಮರುದಿನವೇ ತಲುಪಿಸಿ, ಉಜ್ಜಿ ಒರೆಸಿ, ಜೊತೆಗೆ ಒಂದು ಪೊಟ್ಟಣ ಕಾಫಿ ಪುಡಿ ಇಟ್ಟು.

ಮನೆ ಅಂಗಳದಲ್ಲಿ ಮದುವೆಯೋ, ಸಮಾಜದ ಹಾಲ್‌ನಲ್ಲೋ ಅಂತ ನೀವು ಹೇಳಿಲ್ಲ. ಹಾಲ್ ಆದರೆ ಮುಂಗಡ ಕೊಡುವ ಮೊದಲು ಇಷ್ಟು ಕೇಳಿ: ಹೊರಗಿನ ಅಲಂಕಾರ ಬಿಡುತ್ತಾರಾ ಅಥವಾ ಅವರದ್ದೇ ಡೆಕೊರೇಟರ್ ಆಗಬೇಕಾ, ಹಿಂದಿನ ದಿನ ಮಧ್ಯಾಹ್ನದಿಂದ ಕೀ ಕೊಡುತ್ತಾರಾ, ಲೋಟ ತೊಳೆಯೋಕೆ ನೀರಿನ ಜಾಗ ಎಲ್ಲಿದೆ, ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ. ಕಡೆಯ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ಬೇರೆ ಹಾಲ್ ನೋಡಿ. ಅಂಗಳ ಆದರೆ ಅಳತೆ ಬರೆದು ಹಾಕಿ, ಚಪ್ಪರಕ್ಕೆ ಎಷ್ಟು ಬಿದಿರು, ಎಷ್ಟು ಗರಿ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.