ಸ್ವಿಫ್ಟ್ ಕಾರನ್ನು ಚೆನ್ನೈ ಟ್ರ್ಯಾಕ್‌ಗೆ ಒಯ್ಯುವ ಮೊದಲು ಟೈರ್, ರಿಮ್ ಬದಲಿಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು: 2019ರ ಪೆಟ್ರೋಲ್ ಸ್ವಿಫ್ಟ್ ವಿಎಕ್ಸ್‌ಐ ಇದೆ. ಊರು ಬೆಂಗಳೂರು. ಫೆಬ್ರವರಿಯಲ್ಲಿ ಮೊದಲ ಸಲ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಹೆಸರು ಕೊಟ್ಟಿದ್ದೀರಿ. ಗೆಳೆಯರು 17 ಇಂಚಿನ ಅಲಾಯ್, ಅಗಲದ ಟೈರ್ ಹಾಕಿಸು ಅಂತಿದ್ದಾರೆ. ಕೈಯಲ್ಲಿ 80 ಸಾವಿರ ಇದೆ. ಹಾಕಿಸಬೇಕಾ?

ಬೇಡ. ಆ ದುಡ್ಡು ಬ್ಯಾಂಕಿನಲ್ಲೇ ಇರಲಿ. ಈಗ ಕಾರಿನಲ್ಲಿರುವ ಟೈರ್ ಗಟ್ಟಿಮುಟ್ಟಾಗಿದ್ದರೆ ಮೊದಲ ಸಲಕ್ಕೆ ಅದೇ ಸಾಕು. ಖರ್ಚು ಮಾಡಲೇಬೇಕು ಅನಿಸಿದರೆ ಒಂದು ಒಳ್ಳೆಯ ಗಾಳಿ ಗೇಜ್, ಒಂದು ಟಾರ್ಕ್ ರೆಂಚ್ (ನಟ್ ಅಳತೆ ಮಾಡಿ ಬಿಗಿಸುವ ಸ್ಪ್ಯಾನರ್), ಕಾರಿನ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ ಪಂಪ್, ಮತ್ತೆ ನಾಲ್ಕು ತುಂಡು ಸೀಮೆಸುಣ್ಣ ತಗೊಳ್ಳಿ. ಸೀಮೆಸುಣ್ಣ ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಾನೂ ಸ್ವಿಫ್ಟ್‌ನಲ್ಲೇ ಅಲ್ಲಿ ಓಡಿಸುವವನು, ಹಾಗಾಗಿ ಇದು ಪುಸ್ತಕದ ಬದನೆಕಾಯಿ ಅಲ್ಲ.

ಮೊದಲು 17 ಇಂಚಿನ ವಿಷಯ. ನಿಮ್ಮ ಕಾರಿಗೆ ಕಂಪನಿಯಿಂದ ಬಂದಿರುವ ಟೈರ್ 165/80 ಆರ್14. ಅಂದರೆ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 80, ರಿಮ್ 14 ಇಂಚು. ಇಡೀ ಚಕ್ರದ ಎತ್ತರ ಹೆಚ್ಚುಕಡಿಮೆ 620 ಮಿ.ಮೀ. ಅಂಗಡಿಯವರು ಸಾಮಾನ್ಯವಾಗಿ ತೋರಿಸುವ 205/45 ಆರ್17 ಸುಮಾರು 616 ಮಿ.ಮೀ. ಅಂದರೆ ಚಕ್ರದ ಎತ್ತರ ಅಷ್ಟೇ ಇರುತ್ತದೆ. ರಬ್ಬರ್ ಕಮ್ಮಿಯಾಗಿ ಲೋಹ ಜಾಸ್ತಿಯಾಗುತ್ತದೆ, ಅಷ್ಟೇ. ಆ ಲೋಹವೆಲ್ಲ ಚಕ್ರದ ಅಂಚಿನ ಕಡೆ ಕೂರುತ್ತದೆ. ಅಂಚಿನಲ್ಲಿ ಭಾರ ಇದ್ದಷ್ಟೂ ಚಕ್ರವನ್ನು ತಿರುಗಿಸುವುದೂ ಕಷ್ಟ, ನಿಲ್ಲಿಸುವುದೂ ಕಷ್ಟ. ನಿಮ್ಮದು 83 ಪಿಎಸ್ (ಅಶ್ವಶಕ್ತಿ) ಎಂಜಿನ್. ಅದಕ್ಕೆ ಯಾಕೆ ಸುಮ್ನೆ ಹೊರೆ? ಜೊತೆಗೆ ಟ್ರ್ಯಾಕ್‌ಗೆ ಹೋಗುವುದು ಒಂದು ದಿನ, ಉಳಿದ ದಿನ ಓಡಾಡುವುದು ಬೆಂಗಳೂರಿನ ಗುಂಡಿಗಳಲ್ಲಿ. ಅಷ್ಟು ತೆಳ್ಳಗಿನ ಟೈರಿನಲ್ಲಿ ಒಂದು ಗುಂಡಿಗೆ ಬಿದ್ದರೆ ರಿಮ್ ಸೊಟ್ಟಗಾಯಿತು ಅಂತಲೇ.

ಮುಂದೆ ನಿಜವಾಗಿ ಈ ಹುಚ್ಚು ಹಿಡಿದರೆ 15 ಇಂಚಿಗೆ ಹೋಗಿ. ನಿಮ್ಮದೇ ಕಾರಿನ ಝಡ್‌ಎಕ್ಸ್‌ಐ ಮಾದರಿಗೆ ಮಾರುತಿಯವರೇ 185/65 ಆರ್15 ಕೊಡುತ್ತಾರೆ. ಎತ್ತರ ಸುಮಾರು 621 ಮಿ.ಮೀ. ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ, ಎಲ್ಲೂ ಉಜ್ಜುವುದಿಲ್ಲ. ಝಡ್‌ಎಕ್ಸ್‌ಐ ಮಾಲೀಕರು ದೊಡ್ಡ ಅಲಾಯ್ ಹಾಕಿಸಿಕೊಂಡು ಕಂಪನಿಯ ರಿಮ್ ಮಾರುತ್ತಲೇ ಇರುತ್ತಾರೆ. ಅಂಥ ನಾಲ್ಕು ರಿಮ್ ಹುಡುಕಿ, ಬ್ಯಾಲೆನ್ಸಿಂಗ್ ಮಷೀನ್ ಮೇಲೆ ತಿರುಗಿಸಿ ನೋಡಿ ತಗೊಳ್ಳಿ. ಆ ನಾಲ್ಕು ಟ್ರ್ಯಾಕ್‌ಗೆ, ಈಗಿರುವುದು ಊರಿಗೆ. ಇನ್ನೂ ಸ್ವಲ್ಪ ಅಗಲ ಬೇಕಿದ್ದರೆ ಅದೇ ರಿಮ್‌ಗೆ 195/60 ಆರ್15 ಕೂರುತ್ತದೆ. ಸ್ವಿಫ್ಟ್‌ಗೆ ಅದಕ್ಕಿಂತ ಜಾಸ್ತಿ ಅಗಲ ನನಗಂತೂ ವ್ಯರ್ಥ ಅನಿಸುತ್ತದೆ. ಕಾರು 900 ಕೆಜಿ ಆಸುಪಾಸಿನದು. ಅಗಲದ ಟೈರ್ ಹಿಡಿತ ಕೊಡಬೇಕಾದರೆ ಬಿಸಿಯಾಗಬೇಕು, ಅಷ್ಟು ಬಿಸಿ ಮಾಡುವ ಭಾರವೂ ಇಲ್ಲ, ಶಕ್ತಿಯೂ ಇಲ್ಲ.

ಇನ್ನು ಟೈರ್. ವಿದೇಶದ ವಿಡಿಯೊಗಳಲ್ಲಿ ತೋರಿಸುವ, ಗೆರೆ ಕಮ್ಮಿ ಇದ್ದು ನೆಲಕ್ಕೆ ಅಂಟಿಕೊಳ್ಳುವ ಸೆಮಿ ಸ್ಲಿಕ್ ಟೈರ್ ಬೇಕು ಅಂತ ನಿಮಗೂ ಆಸೆ ಇರಬಹುದು. ನಮ್ಮಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅದರ ಮೇಲೆ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಪ್ರಮಾಣಪತ್ರವೂ ಬೇಕು. ಎಂಆರ್‌ಎಫ್ ಚೆನ್ನೈನಲ್ಲೇ ಇದೆ, ಜೆಕೆ ಟೈರ್ ನಮ್ಮ ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು ನಡೆಸುತ್ತಿದೆ, ಎರಡೂ ಕಂಪನಿ ರೇಸಿಂಗ್‌ನಲ್ಲಿ ದಶಕಗಳಿಂದ ಇವೆ. ಆದರೂ ನಿಮ್ಮಂಥವರು ಅಂಗಡಿಗೆ ಹೋಗಿ 15 ಇಂಚಿನ ಅಂಟು ಟೈರ್ ಕೊಡಿ ಅಂದರೆ ಸಿಗುವುದು ಅಪರೂಪ.

ಟೈರ್ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇದ್ದರೆ ನೋಡಿ. ಅದು ಅಮೆರಿಕದ ನಿಯಮದ ಸಂಖ್ಯೆ, ನಮ್ಮಲ್ಲಿ ಮಾರುವ ಎಷ್ಟೋ ಟೈರಿನ ಮೇಲೂ ಇರುತ್ತದೆ. ಸಂಖ್ಯೆ ದೊಡ್ಡದಿದ್ದಷ್ಟೂ ಬಾಳಿಕೆ ಜಾಸ್ತಿ, ಸಾಮಾನ್ಯವಾಗಿ ಹಿಡಿತ ಕಮ್ಮಿ. ಅಮೆರಿಕದ ಹವ್ಯಾಸಿ ಸ್ಪರ್ಧೆಗಳಲ್ಲಿ ರಸ್ತೆ ಟೈರ್ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ ಕನಿಷ್ಠ 200 ಇರಬೇಕು. ನಮಗೆ 300ರ ಆಸುಪಾಸು ಸಿಕ್ಕರೆ ಪುಣ್ಯ. ಈ ಸಂಖ್ಯೆಯನ್ನು ಕಂಪನಿಗಳು ತಾವೇ ಕೊಟ್ಟುಕೊಳ್ಳುತ್ತವೆ, ಹಾಗಾಗಿ ಒಂದು ಕಂಪನಿಯದನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಒಂದು ಮಾತು ಜನ ನಂಬುವುದಿಲ್ಲ: ಒಣ ಟ್ರ್ಯಾಕ್‌ಗೆ ಹೊಚ್ಚ ಹೊಸ ಟೈರಿಗಿಂತ ಅರ್ಧ ಸವೆದ ಟೈರ್ ಒಳ್ಳೆಯದು. ಹೊಸ ಟೈರಿನ ಗಟ್ಟು, ಅಂದರೆ ನೆಲಕ್ಕೆ ತಾಗುವ ಉಬ್ಬು ರಬ್ಬರ್, 7-8 ಮಿ.ಮೀ. ಎತ್ತರ ಇರುತ್ತದೆ. ತಿರುವಿನಲ್ಲಿ ಜೋರಾಗಿ ಹೋದಾಗ ಆ ಎತ್ತರದ ರಬ್ಬರ್ ತುಂಡುಗಳು ಅತ್ತಿತ್ತ ಬಾಗುತ್ತವೆ, ಬಾಗಿ ಬಾಗಿ ಕಾಯುತ್ತವೆ, ಕೊನೆಗೆ ಅಂಚಿನಲ್ಲಿ ಕಿತ್ತು ಬರುತ್ತವೆ. 4-5 ಮಿ.ಮೀ. ಉಳಿದಿರುವ ಟೈರ್ ಬಾಗುವುದು ಕಮ್ಮಿ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ. ಟ್ರ್ಯಾಕ್ ಡೇಗೋಸ್ಕರ ಹಿಂದಿನ ವಾರ ಹೊಸ ಟೈರ್ ಹಾಕಿಸುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಹಾಗಂತ ಬೋಳು ಟೈರ್ ಬೇಡ. ನಮ್ಮ ಕಾನೂನಿನಲ್ಲಿ ಕಾರಿಗೆ ಕನಿಷ್ಠ 1.6 ಮಿ.ಮೀ. ಗಟ್ಟು ಇರಬೇಕು. ನೀವು ಅದೇ ಟೈರಿನಲ್ಲಿ ವಾಪಸ್ ಮನೆಗೂ ಬರಬೇಕಲ್ವಾ?

ವಯಸ್ಸು ನೋಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಿಮ್ಮದು ಕಾರಿನ ಜೊತೆ ಬಂದ ಟೈರೇ ಆಗಿದ್ದರೆ, ಗಟ್ಟು ಎಷ್ಟೇ ಉಳಿದಿರಲಿ, ಟ್ರ್ಯಾಕ್‌ಗೆ ಬೇಡ. ಆರು ವರ್ಷ ದಾಟಿದ ರಬ್ಬರ್ ಕಲ್ಲಾಗಿರುತ್ತದೆ. ಪಕ್ಕದ ಗೋಡೆಯಲ್ಲಿ ಬಿರುಕು, ಉಬ್ಬು, ಹಳೆಯ ಪಂಚರ್ ಅಂಚಿನ ಹತ್ತಿರ ಇದ್ದರೂ ಬೇಡ. ಅಳತೆಯ ಕೊನೆಯಲ್ಲಿರುವ ಇಂಗ್ಲಿಷ್ ಅಕ್ಷರವನ್ನೂ ನೋಡಿ. ಎಸ್ ಅಂದರೆ ಗಂಟೆಗೆ 180 ಕಿ.ಮೀ., ಟಿ ಅಂದರೆ 190, ಎಚ್ ಅಂದರೆ 210. ಸ್ವಿಫ್ಟ್ ಅಲ್ಲಿ 180 ಮುಟ್ಟುವುದಿಲ್ಲ. ಆದರೆ ಆ ಅಕ್ಷರ ಟೈರ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದಕ್ಕೂ ಗುರುತು. ಹಾಗಾಗಿ ಮುಂದೆ ತಗೊಳ್ಳುವಾಗ ಎಚ್ ಅಥವಾ ಅದಕ್ಕಿಂತ ಮೇಲಿನದು ತಗೊಳ್ಳಿ.

ಈಗ ಗಾಳಿ. ನನ್ನ ಪ್ರಕಾರ ಮೊದಲ ದಿನ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಇದೊಂದಕ್ಕೇ.

ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿರುವ ಗಾಳಿ ರಸ್ತೆಗೆ. ಟ್ರ್ಯಾಕ್‌ನಲ್ಲಿ ನಾಲ್ಕೈದು ಸುತ್ತು ಜೋರಾಗಿ ಹೊಡೆದರೆ ಒಳಗಿನ ಗಾಳಿ ಕಾಯುತ್ತದೆ, ಒತ್ತಡ ಏರುತ್ತದೆ. ತಣ್ಣಗೆ 30 ಡಿಗ್ರಿಯಲ್ಲಿ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದು 60 ಡಿಗ್ರಿ ತಲುಪಿದಾಗ 34 ದಾಟುತ್ತದೆ. ಸರಿಸುಮಾರು ಪ್ರತಿ ಏಳು ಡಿಗ್ರಿಗೆ 1 ಪಿಎಸ್‌ಐ. ಆದ್ದರಿಂದ ಲೆಕ್ಕ ಹಾಕಬೇಕಾದ್ದು ಬಿಸಿ ಟೈರಿನ ಗಾಳಿಯನ್ನು. ಸ್ವಿಫ್ಟ್‌ಗೆ ರಸ್ತೆ ಟೈರಿನಲ್ಲಿ ಬಿಸಿಯಾದಾಗ 34ರಿಂದ 36 ಇಟ್ಟುಕೊಂಡು ಶುರು ಮಾಡಿ. ಬೆಳಗ್ಗೆ ತಣ್ಣಗೆ 30 ಇಟ್ಟರೆ ಆಸುಪಾಸು ಅಲ್ಲಿಗೆ ಬರುತ್ತದೆ.

ಬೆಂಗಳೂರಿನಲ್ಲಿ ಬಂಕ್‌ನಲ್ಲಿ ಹಾಕಿಸಿದ ಗಾಳಿಯನ್ನು ನಂಬಬೇಡಿ. ಇದರಲ್ಲೊಂದು ತಮಾಷೆ ಇದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ವಾತಾವರಣದ ಒತ್ತಡ ಚೆನ್ನೈಗಿಂತ ಸುಮಾರು 1.5 ಪಿಎಸ್‌ಐ ಕಮ್ಮಿ. ಗೇಜ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ. ಹಾಗಾಗಿ ಇಲ್ಲಿ 32 ಇದ್ದದ್ದು ಅಲ್ಲಿ ಅದೇ ಬಿಸಿಯಲ್ಲಿ 30.5 ತೋರಿಸುತ್ತದೆ. ಆದರೆ ಅಲ್ಲಿನ ಸೆಕೆ ನಮ್ಮ ಬೆಳಗಿನ ಚಳಿಗಿಂತ ಹತ್ತು ಹನ್ನೆರಡು ಡಿಗ್ರಿ ಜಾಸ್ತಿ ಇದ್ದರೆ ಒಳಗಿನ ಗಾಳಿ ಅಷ್ಟನ್ನೇ ಮೇಲೆತ್ತುತ್ತದೆ. ಎರಡೂ ವಜಾ! ಅದಕ್ಕೇ ಎಷ್ಟೋ ಜನರಿಗೆ ಇದು ಗೊತ್ತೇ ಆಗುವುದಿಲ್ಲ. ನೀವು ಟ್ರ್ಯಾಕ್‌ನಲ್ಲೇ, ಬೆಳಗ್ಗೆ, ಬಿಸಿಲು ಬೀಳುವ ಮೊದಲು, ನಿಮ್ಮದೇ ಗೇಜ್‌ನಲ್ಲಿ ನೋಡಿ. ಒಂದು ಪಕ್ಕಕ್ಕೆ ಬಿಸಿಲು ಬಿದ್ದರೂ ಆ ಕಡೆಯ ಎರಡು ಟೈರ್ ಜಾಸ್ತಿ ತೋರಿಸುತ್ತವೆ.

ಸೀಮೆಸುಣ್ಣದ ಕೆಲಸ ಈಗ. ಟೈರಿನ ಗಟ್ಟು ಮುಗಿದು ಪಕ್ಕದ ಗೋಡೆ ಶುರುವಾಗುವ ಭುಜದ ಹತ್ತಿರ ಬಗ್ಗಿ ನೋಡಿ. ಸುತ್ತಲೂ ಅಲ್ಲಲ್ಲಿ ಸಣ್ಣ ತ್ರಿಕೋನ ಅಚ್ಚು ಇರುತ್ತದೆ. ಅದರ ಮೇಲೆ ಹಾಯುವ ಹಾಗೆ, ಗಟ್ಟಿನಿಂದ ಗೋಡೆಯವರೆಗೆ, ಬೆರಳಗಲದ ಗೆರೆ ಎಳೆಯಿರಿ. ಒಂದೊಂದು ಟೈರಿಗೆ ಮೂರು ಕಡೆ. ಹೋಗಿ ಓಡಿಸಿ ಬನ್ನಿ. ಬಂದ ತಕ್ಷಣ ಮೊದಲು ಗಾಳಿ ಅಳೆದು ಬರೆದುಕೊಳ್ಳಿ, ಆಮೇಲೆ ಗೆರೆ ನೋಡಿ. ತ್ರಿಕೋನದ ತುದಿಯವರೆಗೆ ಸುಣ್ಣ ಅಳಿಸಿ, ಅದರ ಕೆಳಗೆ ಬಿಳಿ ಉಳಿದಿದ್ದರೆ ಸರಿಯಾಗಿದೆ. ತ್ರಿಕೋನ ದಾಟಿ ಗೋಡೆಯ ಮೇಲೂ ಅಳಿಸಿದ್ದರೆ ಟೈರ್ ಮಗುಚಿಕೊಂಡು ಓಡುತ್ತಿದೆ, 2 ಪಿಎಸ್‌ಐ ಏರಿಸಿ. ಗಟ್ಟಿನ ಅಂಚಿನಲ್ಲೇ ಸುಣ್ಣ ಉಳಿದಿದ್ದರೆ ಗಾಳಿ ಜಾಸ್ತಿ, ಸ್ವಲ್ಪ ಬಿಡಿ. ಕೈಯಿಂದ ಮುಟ್ಟಿಯೂ ನೋಡಿ. ಭುಜದ ರಬ್ಬರ್ ಸಣ್ಣ ಸಣ್ಣ ಉಂಡೆಯಾಗಿ ಎದ್ದಿರುತ್ತದೆ, ವಾಸನೆ ಮೂಗಿಗೆ ಹೊಡೆಯುತ್ತದೆ. ಅದಕ್ಕೆ ಗಾಬರಿ ಬೇಡ. ತುಂಡು ತುಂಡಾಗಿ ಕಿತ್ತಿದ್ದರೆ ಮಾತ್ರ ಆ ದಿನಕ್ಕೆ ನಿಧಾನ ಮಾಡಿ.

ನೀವು ಹೋಗುತ್ತಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ 3.7 ಕಿ.ಮೀ. ಉದ್ದದ್ದು, 12 ತಿರುವು. ಗಡಿಯಾರದ ದಿಕ್ಕಿನಲ್ಲಿ ಓಡುವುದರಿಂದ ಎಡಗಡೆಯ ಟೈರ್‌ಗಳಿಗೆ ದುಡಿಮೆ ಜಾಸ್ತಿ. ಅದರಲ್ಲೂ ಎಡ ಮುಂದಿನದು ಬ್ರೇಕ್, ತಿರುವು, ಎಳೆತ ಮೂರನ್ನೂ ಹೊರುತ್ತದೆ. ಎಲ್ಲದರಲ್ಲೂ ಒಂದೇ ಗಾಳಿ ಹಾಕಿ ಹೋದರೆ ಬರುವಾಗ ಅದು 1-2 ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಅದರಿಂದ ಮಾತ್ರ ಅಷ್ಟು ಗಾಳಿ ಬಿಟ್ಟುಬಿಡಿ. ಬಿಸಿಯಾದಾಗ ಎಡ ಬಲ ಒಂದೇ ಆಗಬೇಕು. ಹಿಂದಿನ ಟೈರಿಗೆ ಜಾಸ್ತಿ ಗಾಳಿ ತುಂಬಿದರೆ ಕಾರು ಚೆನ್ನಾಗಿ ತಿರುಗುತ್ತದೆ ಅಂತ ಅಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಸುಳ್ಳಲ್ಲ. ಆದರೆ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮುಂದೆ ಬಂದುಬಿಡುತ್ತದೆ, ಮತ್ತೆ ಮೊದಲ ದಿನ ಎಲ್ಲರೂ ಹೆದರಿ ಬಿಟ್ಟೇ ಬಿಡುತ್ತಾರೆ. ನಿಮಗೆ ಈಗ ಬೇಡ. ಗಾಳಿಯ ಬದಲು ನೈಟ್ರೋಜನ್ ತುಂಬಿಸಲೂ ದುಡ್ಡು ಹಾಕಬೇಡಿ.

ಚಕ್ರ ಬಿಗಿಸುವ ವಿಷಯ ಚಿಕ್ಕದು, ಆದರೆ ಮರೆತರೆ ಕಷ್ಟ. ಪ್ಲಾಸ್ಟಿಕ್ ವೀಲ್ ಕ್ಯಾಪ್ ತೆಗೆದು ಮನೆಯಲ್ಲೇ ಇಡಿ. ರಿಮ್ ಒಳಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕ ಬ್ರೇಕ್ ಬಿಸಿಗೆ ಕಿತ್ತುಹೋಗುತ್ತದೆ, ಅದರ ಮೇಲೆ ಅಲ್ಯುಮಿನಿಯಂ ಟೇಪ್ ಹೊಡೆಸಿ. ನಟ್‌ಗಳನ್ನು ಕಾರಿನ ಪುಸ್ತಕದಲ್ಲಿ ಹೇಳಿದಷ್ಟೇ ಟಾರ್ಕ್‌ಗೆ ಬಿಗಿಸಿ. ಪಂಚರ್ ಅಂಗಡಿಯವರು ಕಾಲಲ್ಲಿ ತುಳಿದು ಬಿಗಿಸುತ್ತಾರಲ್ಲ, ಹಾಗಲ್ಲ. ಮೊದಲ ಸುತ್ತಾಟ ಮುಗಿಸಿ ಬಂದು, ಚಕ್ರ ಆರಿದ ಮೇಲೆ ಇನ್ನೊಮ್ಮೆ ನೋಡಿ. ಮುಂದೆ ಹೊರಗಿನ ಅಲಾಯ್ ಹಾಕಿಸಿದರೆ ನಟ್‌ನ ಆಕಾರ ಹೊಂದಬೇಕು. ಮಾರುತಿ ನಟ್‌ನ ತುದಿ ಕೋನದಂತೆ, ಫೋಕ್ಸ್‌ವ್ಯಾಗನ್ ಬೋಲ್ಟ್‌ನದು ದುಂಡಗೆ. ಬೆರೆಸಿದರೆ ಎಷ್ಟು ಬಿಗಿಸಿದರೂ ಕೂರುವುದಿಲ್ಲ. ಸ್ವಿಫ್ಟ್ ಹಬ್‌ನ (ರಿಮ್ ಹೋಗಿ ಕೂರುವ ಭಾಗ) ನಡುವಿನ ಅಳತೆ 54.1 ಮಿ.ಮೀ. ರಿಮ್‌ನ ತೂತು ಅದಕ್ಕಿಂತ ದೊಡ್ಡದಿದ್ದರೆ ನಡುವೆ ಲೋಹದ ರಿಂಗ್ ಹಾಕಿಸಿ.

ಒಂದಷ್ಟು ಸಲ ಹೋದ ಮೇಲೆ ಮುಂದಿನ ಟೈರ್‌ಗಳ ಹೊರ ಅಂಚು ಮಾತ್ರ ಸವೆದಿರುವುದು ಕಾಣುತ್ತದೆ. ಸ್ವಿಫ್ಟ್‌ನ ಮುಂದಿನ ಚಕ್ರ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುವುದರಿಂದ ಕಾರು ವಾಲಿದಾಗ ಹೊರ ಅಂಚೇ ಎಲ್ಲ ಹೊರುತ್ತದೆ. ಕ್ಯಾಂಬರ್ ಬೋಲ್ಟ್ ಹಾಕಿಸಿ ಚಕ್ರದ ತಲೆಯನ್ನು ಸ್ವಲ್ಪ ಒಳಕ್ಕೆ ವಾಲಿಸಬಹುದು. ಅದು ಸಾವಿರಗಳ ಖರ್ಚು, ಅಲಾಯ್‌ನಂತೆ ಹತ್ತಾರು ಸಾವಿರ ಅಲ್ಲ. ಅಲ್ಲಿಯವರೆಗೆ ಟೈರ್ ಬಿಚ್ಚಿಸಿ ರಿಮ್ ಮೇಲೆ ಮಗುಚಿ ಹಾಕಿಸಿದರೂ ನಡೆಯುತ್ತದೆ. ಟೈರ್ ಮೇಲೆ ಹೊರಗಡೆ ಅಂತಲೋ, ತಿರುಗುವ ದಿಕ್ಕಿನ ಬಾಣವೋ ಅಚ್ಚಾಗಿದ್ದರೆ ಮಾತ್ರ ಬೇಡ.

ಕೊನೆಯ ಸುತ್ತನ್ನು ಬ್ರೇಕ್ ಜಾಸ್ತಿ ಮುಟ್ಟದೆ ನಿಧಾನವಾಗಿ ಮುಗಿಸಿ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ಬಿಡಿ. ಸಂಜೆ ಹೊರಡುವ ಮೊದಲು ಗಾಳಿ ಮತ್ತೆ ಹಾಕಿಕೊಳ್ಳಿ. ದಿನವೆಲ್ಲ ಬಿಡುತ್ತಾ ಬಂದಿರುತ್ತೀರಿ, ಟೈರ್ ಆರಿದರೆ 28ಕ್ಕೆ ಇಳಿದಿರುತ್ತದೆ. ಅದರಲ್ಲಿ ರಾಣಿಪೇಟೆ, ಕೃಷ್ಣಗಿರಿ ಹೆದ್ದಾರಿಯಲ್ಲಿ ರಾತ್ರಿ ಜೋರಾಗಿ ಬರುವುದು ಒಳ್ಳೆಯದಲ್ಲ. ಇನ್ನೊಂದು, ಮಾಮೂಲಿ ಕಾರು ವಿಮೆ ರೇಸ್, ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಅಲ್ಲಿ ಗುದ್ದಿದರೆ ಖರ್ಚು ನಿಮ್ಮದೇ. ಆ 80 ಸಾವಿರ ಬ್ಯಾಂಕಿನಲ್ಲಿರಲಿ ಅಂದದ್ದು ಅದಕ್ಕೂ ಸೇರಿಸಿ.

ಈಗಿರುವ ಟೈರಿನ ಹೆಸರು, ಪಕ್ಕದ ಆ ನಾಲ್ಕು ಅಂಕಿ, ಗಟ್ಟು ಎಷ್ಟು ಉಳಿದಿದೆ ಅಂತ ತಿಳಿಸಿ. ಅದರಲ್ಲೇ ಹೋಗಬಹುದಾ ಇಲ್ಲವಾ ಹೇಳುತ್ತೇನೆ.