ಎಲ್ಡೆನ್ ರಿಂಗ್ ವಿಡಿಯೋ ಗೇಮ್‌ನಲ್ಲಿ ದೊಡ್ಡ ಕತ್ತಿ ಹಿಡಿದು ಮಾರ್ಗಿಟ್ ಎಂಬ ಬಾಸ್ ಶತ್ರುವಿನ ಕೈಲಿ ಸಾಯ್ತಾನೇ ಇದ್ದೇನೆ. ಹಗುರದ ಜಪಾನಿ ಕತ್ತಿ ಕಟಾನಕ್ಕೆ ಬದಲಾಯಿಸಲೇ?

ಬೇಡ. ಶುರುವಿಗೆ ವ್ಯಾಗಬಾಂಡ್ ಎಂಬ ಪಾತ್ರ ಆರಿಸಿ, ಆಟದ ಕೇಲಿಡ್ ಸೀಮೆಯ ಗಾಡಿಯ ಪೆಟ್ಟಿಗೆಯಿಂದ ಗ್ರೇಟ್‌ಸ್ವರ್ಡ್ ಎಂಬ ದೊಡ್ಡ ಕತ್ತಿ ಎತ್ತಿಕೊಂಡು ಬಂದಿದ್ದೀರಿ ತಾನೇ? ಬದಿಯಡ್ಕದ ನಮ್ಮ ಮನೆಯಲ್ಲಿ ಇಡೀ ಒಂದು ಮಳೆಗಾಲ ನನ್ನದೂ ಇದೇ ಪಾಡು. ಕರೆಂಟು ಇದ್ದಷ್ಟು ಹೊತ್ತು ಸಾಯುವುದು, ಹೋದ ಮೇಲೆ ಕತ್ತಿಗೆ ಬೈಯುವುದು. ಕೊನೆಗೆ ಉಚಿಗಟಾನ ಎಂಬ ಕಟಾನ ಹಿಡಿದೆ, ಮಾರ್ಗಿಟ್ ಬಿದ್ದ. ಕಟಾನವೇ ಶ್ರೇಷ್ಠ ಅಂತ ಊರಿಡೀ ಹೇಳಿಕೊಂಡು ತಿರುಗಿದೆ.

ಗೆಲ್ಲಿಸಿದ್ದು ಕಟಾನ ಆಗಿರಲಿಲ್ಲ. ಗ್ರೇಟ್‌ಸ್ವರ್ಡಿನ ಭಾರ 23, ಉಚಿಗಟಾನದ್ದು 5.5. ಮೈಮೇಲಿಂದ 17.5 ಇಳಿದಿತ್ತು, ಅಷ್ಟೇ. ಒಟ್ಟು ಹೊರೆ ನಿಮ್ಮ ಪಾತ್ರ ಹೊರಬಲ್ಲ ಮಿತಿಯ ಶೇ. 70 ಮುಟ್ಟಿತೋ, ಏಟು ತಪ್ಪಿಸಲು ಉರುಳುವ ರೋಲ್ ಹಾಳು: ಉರುಳುವ ದೂರ ಕಮ್ಮಿ, ಏಳುವುದಕ್ಕೆ ಹೊತ್ತು ಜಾಸ್ತಿ. ಮಾರ್ಗಿಟ್ ಕೋಲನ್ನು ಮೇಲೆತ್ತಿ, ತಡೆದು ನಿಂತು ಹೊಡೆಯುವವ. ನೀವು ಮೊದಲೇ ಉರುಳಿ ಏಳುವಷ್ಟರಲ್ಲಿ ಕೋಲು ಬೆನ್ನ ಮೇಲಿರುತ್ತದೆ.

ಇನ್ನು ನಾನು ಮಾಡಿದ ಪೆದ್ದುತನ. ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಆಡುವವನು, ಉಳಿದದ್ದರ ಭಾರ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ. ಲೆಕ್ಕಕ್ಕಿದೆ ಮಾರಾಯ್ರೆ! ಶುರುವಿಗೇ ಸಿಕ್ಕಿದ ಲಾಂಗ್‌ಸ್ವರ್ಡ್ 3.5, ಹ್ಯಾಲ್ಬರ್ಡ್ 8, ಗುರಾಣಿ 3.5. ಮೂರೂ ಸ್ಲಾಟ್‌ನಲ್ಲೇ, ಅಂದರೆ ಆಯುಧ ಸಜ್ಜಾಗಿಡುವ ಜಾಗದಲ್ಲೇ, ಕೂತಿದ್ದವು. ಕೈಯಲ್ಲಿ ಇಲ್ಲದಿದ್ದರೂ ಸ್ಲಾಟ್‌ನಲ್ಲಿ ಇದ್ದದ್ದನ್ನೆಲ್ಲ ಆಟ ತೂಗುತ್ತದೆ. ನಿಮ್ಮ ಮಿತಿ 60 ಅಂತಿಟ್ಟುಕೊಳ್ಳಿ, 42ರ ಒಳಗಿರಬೇಕು. ಗ್ರೇಟ್‌ಸ್ವರ್ಡ್ ಕಳೆದರೆ ಕವಚ, ತಾಲಿಸ್ಮನ್ (ತಾಯಿತ) ಎಲ್ಲಕ್ಕೂ ಸೇರಿ 19 ಕೂಡ ಉಳಿಯುವುದಿಲ್ಲ. ಅದರಲ್ಲಿ 15ನ್ನು ಒಂದು ಸಲವೂ ಬೀಸದ ಸಾಮಾನಿಗೆ ಕೊಟ್ಟು ಕೂತಿದ್ದೆ.

ಸ್ಟ್ರೆಂತ್, ಅಂದರೆ ಪಾತ್ರದ ಬಲದ ಅಂಕದಲ್ಲೂ ಹಾಗೇ. ಕತ್ತಿ ಕೇಳುವುದು 31. ಆದರೆ ಎರಡು ಕೈಯಲ್ಲಿ ಹಿಡಿದರೆ ನಿಮ್ಮ ಸ್ಟ್ರೆಂತ್ ಒಂದೂವರೆ ಪಟ್ಟು ಆಗುತ್ತದೆ, 21 ಇದ್ದರೆ ಧಾರಾಳ ಸಾಕು. ವ್ಯಾಗಬಾಂಡ್ ಶುರುವಾಗುವುದೇ 14ರಿಂದ. ಅಂದರೆ ಲೆವೆಲ್ಲಿಗೆ ಒಂದರಂತೆ ಏಳು ಲೆವೆಲ್. 31 ಮುಟ್ಟಿಸಲು ಹದಿನೇಳು ಸುರಿಯಬೇಡಿ, ಉಳಿದ ಹತ್ತನ್ನು ಜೀವ ಹೆಚ್ಚಿಸುವ ವಿಗರ್‌ಗೆ ಹಾಕಿ. ಡೆಕ್ಸ್ (ಕೈಚಳಕದ ಅಂಕ) 12 ಬೇಕು, ನಿಮಗೆ ಮೊದಲೇ 13 ಇದೆ.

ಬೀಸುವ ಕ್ರಮ: ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ (ರಾಕ್ಷಸ ಪಾತ್ರ) ಚುರುಕಿನ ಪುಂಡುವೇಷದ ಹಾಗೆ ಧೀಂಗಿಣ (ಗಿರಕಿ ಹೊಡೆಯುವ ಕುಣಿತ) ಹಾಕುತ್ತದೆಯೇ? ಬರುವುದು ನಿಧಾನ, ಬಂದರೆ ಒಂದು ಅಬ್ಬರ. ದೊಡ್ಡ ಕತ್ತಿಯೂ ಹಾಗೇ. ಮಾರ್ಗಿಟ್ ತನ್ನ ಸರಣಿ ಮುಗಿಸುವ ತನಕ ಕಾಯಿರಿ, ಹಾರಿ ಒಂದು ಹೆವಿ (ಜೋರು) ಹೊಡೆತ ಕೊಡಿ, ಉರುಳಿ ಆಚೆ ಹೋಗಿ. ಎರಡನೇ ಹೊಡೆತಕ್ಕೆ ಆಸೆಪಟ್ಟರೆ ನಡುವೆಯೇ ಸಿಕ್ಕಿಬೀಳುತ್ತೀರಿ. ಇಂಥ ಹೊಡೆತ ಕೆಲವು ಬಿದ್ದರೆ ಅವನೇ ಕುಸಿಯುತ್ತಾನೆ. ಆಗ ಎದುರಿಗೆ ಹೋಗಿ ಮಾಮೂಲು ಹೊಡೆತದ ಬಟನ್ ಒತ್ತಿದರೆ ಕ್ರಿಟಿಕಲ್, ಅಂದರೆ ಭಾರೀ ಏಟು.

ಕಟಾನ ಬೇಕೇ ಬೇಕು ಅಂದರೆ ಡೆಕ್ಸ್ ಇನ್ನೆರಡು ಏರಿಸಿ, ಅದಕ್ಕೆ 15 ಬೇಕು. ಶತ್ರುವಿನ ರಕ್ತ ಹರಿಸುವುದರಲ್ಲಿ ಅದು ಚುರುಕು. ಅಸ್ಥಿಪಂಜರಗಳ ಎದುರು ಮಾತ್ರ ಆ ಚುರುಕು ನಡೆಯುವುದಿಲ್ಲ, ಹರಿಯುವುದಕ್ಕೆ ಅವಕ್ಕೆ ರಕ್ತವೆಲ್ಲಿದೆ!